ಒಂದು ದೇಶದ ವಿಮಾನಯಾನಕ್ಕೆ ಪರಿಣತರು ತಯಾರಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಬೇಕೆಂದರೆ ಕೊಳ್ಳಬಹುದು, ಬಾಡಿಗೆಗೂ ತರಬಹುದು. ಅದನ್ನು ಹಾರಿಸುವವರು, ರಿಪೇರಿ ಮಾಡುವವರು, ಆಕಾಶದಲ್ಲಿ ದಾರಿ ಬಿಡಿಸುವವರು ಮಾತ್ರ ಅಷ್ಟು ಬೇಗ ಸಿಗುವುದಿಲ್ಲ. ಅವರನ್ನು ತಯಾರು ಮಾಡಲು ವರ್ಷಗಳೇ ಬೇಕು. ಈ ಕೆಲಸದ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ವಿಮಾನಯಾನದ ಪರಿಣತರು ಅಂದರೆ ಪೈಲಟ್‌ಗಳು ತಾನೇ?

ಪೈಲಟ್‌ಗಳು ಹೆಚ್ಚು ಕಣ್ಣಿಗೆ ಬೀಳುತ್ತಾರೆ, ಅಷ್ಟೇ. ಒಂದು ವಿಮಾನ ಹೊರಟು ಸುರಕ್ಷಿತವಾಗಿ ಇಳಿಯಲು ಏರ್ ಟ್ರಾಫಿಕ್ ಕಂಟ್ರೋಲರ್‌ಗಳು ಬೇಕು, ಮೇಂಟೆನೆನ್ಸ್ ಎಂಜಿನಿಯರ್‌ಗಳು ಬೇಕು. ಹಾರುವ ದಾರಿ ಮತ್ತು ಇಂಧನದ ಲೆಕ್ಕ ಹಾಕುವ ಡಿಸ್ಪ್ಯಾಚರ್‌ಗಳು ಬೇಕು. ಕ್ಯಾಬಿನ್ ಸಿಬ್ಬಂದಿ, ಹವಾಮಾನ ತಜ್ಞರು, ರೇಡಾರ್ ಮತ್ತು ರೇಡಿಯೊ ನೋಡಿಕೊಳ್ಳುವ ತಂತ್ರಜ್ಞರು, ನಿಲ್ದಾಣದ ಅಗ್ನಿಶಾಮಕ ದಳ, ಭದ್ರತಾ ತಪಾಸಣೆಯವರು, ಹೀಗೆ ಪಟ್ಟಿ ಉದ್ದವಾಗುತ್ತದೆ. ಇವರ ಕೆಲಸವನ್ನು ಪರೀಕ್ಷಿಸಲು ಸರ್ಕಾರದ ಇನ್‌ಸ್ಪೆಕ್ಟರ್‌ಗಳು ಇರುತ್ತಾರೆ. ಇವರೆಲ್ಲರಿಗೂ ಕಲಿಸಲು ಬೋಧಕರು ಇರುತ್ತಾರೆ. ಒಂದು ದೇಶದ ವಿಮಾನಯಾನ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ನಾನು ಈ ಕೊನೆಯ ಎರಡು ಗುಂಪುಗಳನ್ನೇ ಮೊದಲು ನೋಡುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ತರಬೇತಿ ಹೇಗಿರಬೇಕು ಎಂದು ಯಾರು ನಿರ್ಧರಿಸುತ್ತಾರೆ? ಪ್ರತಿ ದೇಶವೂ ತನಗೆ ತೋಚಿದಂತೆ ಮಾಡಬಹುದಾ?

ಲೈಸೆನ್ಸ್ ಕೊಡುವುದು ಆಯಾ ದೇಶ. ಕನಿಷ್ಠ ಮಟ್ಟ ಎಷ್ಟಿರಬೇಕು ಎಂದು ಹೇಳುವುದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ. 1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ ಸಂಸ್ಥೆ ಇದು. ಮಾಂಟ್ರಿಯಲ್‌ನಲ್ಲಿ ಇದರ ಮುಖ್ಯ ಕಚೇರಿ ಇದೆ, 193 ದೇಶಗಳು ಸದಸ್ಯರು. ಒಪ್ಪಂದಕ್ಕೆ 19 ಅನುಬಂಧಗಳಿವೆ. ಸಿಬ್ಬಂದಿಯ ಲೈಸೆನ್ಸ್‌ಗೆ ಸೇರಿದ ನಿಯಮಗಳು ಮೊದಲನೇ ಅನುಬಂಧದಲ್ಲಿವೆ.

ದೇಶಗಳು ಇದಕ್ಕಿಂತ ಬಿಗಿಯಾದ ನಿಯಮ ಮಾಡಿಕೊಳ್ಳಬಹುದು. ಸಡಿಲ ಮಾಡಿದರೆ ಕಷ್ಟ. ಕನಿಷ್ಠ ಮಟ್ಟಕ್ಕೆ ತಕ್ಕಂತೆ ಕೊಟ್ಟ ಲೈಸೆನ್ಸನ್ನು ಬೇರೆ ದೇಶಗಳು ಮಾನ್ಯ ಮಾಡಬೇಕು ಎನ್ನುತ್ತದೆ ಒಪ್ಪಂದದ 33ನೇ ವಿಧಿ. ಮಟ್ಟ ಮುಟ್ಟದ ಲೈಸೆನ್ಸ್ ಹಿಡಿದವರು ಇನ್ನೊಂದು ದೇಶದೊಳಗೆ ಹಾರಬೇಕಾದರೆ ಆ ದೇಶದ ಅನುಮತಿ ಕೇಳಬೇಕಾಗುತ್ತದೆ.

ಪೈಲಟ್ ಆಗಲು ಎಷ್ಟು ಗಂಟೆ ಹಾರಾಟ ಬೇಕು?

ಐಸಿಎಒ ಹೇಳುವ ಕನಿಷ್ಠ ಲೆಕ್ಕ ಹೀಗಿದೆ. ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ವಯಸ್ಸು, 40 ಗಂಟೆ ಹಾರಾಟ. ಸಂಬಳಕ್ಕೆ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ, 200 ಗಂಟೆ. ಮಾನ್ಯತೆ ಪಡೆದ ಶಾಲೆಯಲ್ಲಿ ಪೂರ್ತಿ ಕೋರ್ಸ್ ಮಾಡಿದರೆ 150 ಗಂಟೆ ಸಾಕು. ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 21 ವರ್ಷ, 1500 ಗಂಟೆ.

2006ರಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಅದಕ್ಕೆ ಮಲ್ಟಿ ಕ್ರೂ ಪೈಲಟ್ ಲೈಸೆನ್ಸ್ ಎನ್ನುತ್ತಾರೆ. ಇದರಲ್ಲಿ 240 ಗಂಟೆ ತರಬೇತಿ ಇರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ನೆಲದ ಮೇಲೇ ಹಾರಾಟವನ್ನು ಅನುಕರಿಸುವ ಯಂತ್ರದಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ. ಮೊದಲಿಂದಲೇ ಇಬ್ಬರು ಸೇರಿ ಹಾರಿಸುವುದನ್ನು ಕಲಿಸುತ್ತಾರೆ.

200 ಗಂಟೆ ಹಾರಿಸಿದ ಹುಡುಗ ಹುಡುಗಿಯರು ನಮ್ಮನ್ನು ಹೊತ್ತು ಹಾರುತ್ತಾರಾ? ಭಯ ಆಗುತ್ತಲ್ವಾ?

ಈ ಪ್ರಶ್ನೆ ನ್ಯಾಯವಾದದ್ದೇ. ಕಮರ್ಷಿಯಲ್ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಯಾರೂ ನೇರವಾಗಿ ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸುವುದಿಲ್ಲ. ಮೊದಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು, ಅಂದರೆ ಹೊರಗೆ ಏನೂ ಕಾಣದಿದ್ದಾಗ ಮುಂದಿನ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ. ಆಮೇಲೆ ಆ ಮಾದರಿಯ ವಿಮಾನಕ್ಕೇ ಬೇರೆಯಾಗಿ ಟೈಪ್ ರೇಟಿಂಗ್. ಅದಾದ ಮೇಲೆ ಅನುಭವಿ ತರಬೇತಿ ಕ್ಯಾಪ್ಟನ್ ಪಕ್ಕ ಕೂತು, ಪ್ರಯಾಣಿಕರಿರುವ ಹಾರಾಟಗಳಲ್ಲೇ ಕಲಿಯುವ ಹಂತ ಬರುತ್ತದೆ. ಇದಕ್ಕೆ ಲೈನ್ ಟ್ರೇನಿಂಗ್ ಎನ್ನುತ್ತಾರೆ.

ಗಂಟೆ ಜಾಸ್ತಿ ಮಾಡಿದರೆ ಸುರಕ್ಷತೆಯೂ ಜಾಸ್ತಿಯಾಗುತ್ತದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ ಅಮೆರಿಕ ಏರ್‌ಲೈನ್‌ನ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1500 ಗಂಟೆ ಕಡ್ಡಾಯ ಮಾಡಿತು. 2013ರಿಂದ ಅದು ಜಾರಿಯಲ್ಲಿದೆ. ಆದರೆ ಬಿದ್ದ ವಿಮಾನದ ಇಬ್ಬರು ಪೈಲಟ್‌ಗಳಿಗೂ ಅದಾಗಲೇ 2000ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು! ವೇಗ ಕುಸಿದು ವಿಮಾನ ಸ್ಟಾಲ್ ಆಗುವಾಗ, ಅಂದರೆ ರೆಕ್ಕೆಗಳು ಮೇಲೆತ್ತುವ ಬಲ ಕಳೆದುಕೊಳ್ಳುವಾಗ, ಮೂಗನ್ನು ಕೆಳಗೆ ಇಳಿಸಬೇಕಿತ್ತು. ಕ್ಯಾಪ್ಟನ್ ಕಂಟ್ರೋಲನ್ನು ಹಿಂದಕ್ಕೆ ಎಳೆದರು. ಅದೇ ವರ್ಷ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ರಲ್ಲೂ ಸ್ಟಾಲ್‌ನಿಂದ ಹೊರಬರಲು ಆಗಲಿಲ್ಲ. 228 ಜನ ಹೋದರು. ಈ ಎರಡು ಅಪಘಾತಗಳ ನಂತರ ಹಿಡಿತ ತಪ್ಪಿದ ವಿಮಾನವನ್ನು ಮತ್ತೆ ಸರಿಗೆ ತರುವ ವಿಶೇಷ ತರಬೇತಿ ಬಂತು. ನನಗೆ ಅನ್ನಿಸುವಂತೆ ನಿಜವಾದ ಲಾಭ ಆದದ್ದು ಇದರಿಂದ. ಗಂಟೆಗಳನ್ನು ಎಣಿಸುವುದು ಸುಲಭ, ಆ ಗಂಟೆಗಳಲ್ಲಿ ಏನು ಕಲಿತರು ಎಂದು ಅಳೆಯುವುದು ಕಷ್ಟ.

ಸಿಮ್ಯುಲೇಟರ್‌ನಲ್ಲಿ ಕಲಿತದ್ದು ನಿಜವಾದ ವಿಮಾನಕ್ಕೆ ಸಮವಾ?

ಬಹಳ ವಿಷಯಗಳಲ್ಲಿ ನಿಜವಾದ ವಿಮಾನಕ್ಕಿಂತಲೂ ವಾಸಿ. ಎಂಜಿನ್‌ಗೆ ಬೆಂಕಿ ಹತ್ತುವುದು, ರನ್‌ವೇ ಬಿಡುವ ಹೊತ್ತಿಗೆ ಎಂಜಿನ್ ನಿಲ್ಲುವುದು, ಹೊಗೆ ತುಂಬುವುದು, ಇದನ್ನೆಲ್ಲ ಆಕಾಶದಲ್ಲಿ ಅಭ್ಯಾಸ ಮಾಡಿಸಲು ಹೋದರೆ ತರಬೇತಿಯೇ ಅಪಘಾತವಾಗುತ್ತದೆ. ಎಡ್ವಿನ್ ಲಿಂಕ್ ಎಂಬ ಅಮೆರಿಕದವರು 1929ರಲ್ಲಿ ಮೊದಲ ಲಿಂಕ್ ಟ್ರೇನರ್ ಮಾಡಿದ್ದು ಗಾಳಿಯೊತ್ತಡದಿಂದ ಅಲುಗಾಡುವ ಪೆಟ್ಟಿಗೆಯಾಗಿ. ಇವತ್ತಿನ ಲೆವೆಲ್ ಡಿ, ಅಂದರೆ ಅತಿ ಮೇಲ್ದರ್ಜೆಯ, ಸಿಮ್ಯುಲೇಟರ್ ಎಷ್ಟು ನಿಖರ ಅಂದರೆ, ಅನುಭವಿ ಪೈಲಟ್ ಹೊಸ ಮಾದರಿಯ ಟೈಪ್ ರೇಟಿಂಗನ್ನು ಪೂರ್ತಿಯಾಗಿ ಅದರಲ್ಲೇ ಮುಗಿಸಬಹುದು. ಆ ವಿಮಾನವನ್ನು ಅವರು ಮೊದಲ ಬಾರಿ ಹಾರಿಸುವಾಗ ಹಿಂದೆ ಪ್ರಯಾಣಿಕರೇ ಕೂತಿರುತ್ತಾರೆ.

ಆದರೆ ಕಲಿಸದೇ ಬಿಟ್ಟದ್ದನ್ನು ಸಿಮ್ಯುಲೇಟರ್ ತಾನಾಗಿ ಕಲಿಸುವುದಿಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮೂಗನ್ನು ತಾನಾಗಿ ಕೆಳಗಿಳಿಸುವ ಎಂಕ್ಯಾಸ್ ಎಂಬ ವ್ಯವಸ್ಥೆಯ ಬಗ್ಗೆ ಪೈಲಟ್‌ಗಳ ಕೈಪಿಡಿಯಲ್ಲಿ ವಿವರವೇ ಇರಲಿಲ್ಲ. ಹಳೆಯ 737 ಗೊತ್ತಿದ್ದವರಿಗೆ ಸಿಮ್ಯುಲೇಟರ್ ತರಬೇತಿ ಬೇಡ ಎಂದು ತೀರ್ಮಾನಿಸಿದ್ದರು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ತ ಮೇಲೆ ಆ ತೀರ್ಮಾನ ಬದಲಾಯಿತು. ಅಪಘಾತಕ್ಕೆ ಮೂಲ ವಿನ್ಯಾಸದ ದೋಷ ಎನ್ನುವುದು ಸರಿ. ಆದರೂ ತರಬೇತಿಯನ್ನು ಖರ್ಚು ಉಳಿಸುವ ಜಾಗವಾಗಿ ನೋಡಿದರೆ ಏನಾಗಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಲೈಸೆನ್ಸ್ ಬಂದ ಮೇಲೆ ಓದು ಮುಗಿಯಿತಾ?

ಇಲ್ಲ. ಏರ್‌ಲೈನ್ ಪೈಲಟ್‌ಗಳಿಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ. ನಪಾಸಾದರೆ ಮತ್ತೆ ತರಬೇತಿ ಪಡೆದು ಪಾಸಾಗುವ ತನಕ ಹಾರುವಂತಿಲ್ಲ. ಕಂಟ್ರೋಲರ್‌ಗಳಿಗೂ ಎಂಜಿನಿಯರ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ತಮ್ಮದೇ ಆದ ಮರುತರಬೇತಿ ಇದ್ದೇ ಇರುತ್ತದೆ. ಸರಕಿನಲ್ಲಿ ಅಪಾಯಕಾರಿ ವಸ್ತುಗಳನ್ನು ನಿಭಾಯಿಸುವವರು 24 ತಿಂಗಳಿಗೊಮ್ಮೆ ಮತ್ತೆ ಕಲಿಯಬೇಕು.

ತಾಂತ್ರಿಕ ಜ್ಞಾನ ಚೆನ್ನಾಗಿದ್ದರೆ ಸಾಲದಾ? "ತಂಡದ ಕೆಲಸ" ಅಂತ ಯಾಕೆ ಪಾಠ ಮಾಡುತ್ತಾರೆ?

1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್ 173 ಅಮೆರಿಕದ ಪೋರ್ಟ್‌ಲ್ಯಾಂಡ್ ಮೇಲೆ ಸುತ್ತು ಹಾಕುತ್ತಿತ್ತು. ಚಕ್ರಗಳು ಸರಿಯಾಗಿ ಇಳಿದಿವೆಯೇ ಎಂದು ಕ್ಯಾಪ್ಟನ್‌ಗೆ ಅನುಮಾನ. ಅದನ್ನೇ ನೋಡುತ್ತಾ ಉಳಿದರು. ಇಂಧನ ಮುಗಿಯುತ್ತಿದೆ ಎಂದು ಜೊತೆಯವರಿಗೆ ಗೊತ್ತಿತ್ತು. ಸೂಚನೆಯನ್ನೂ ಕೊಟ್ಟರು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ವಿಮಾನ ಇಂಧನ ಖಾಲಿಯಾಗಿ ಬಿತ್ತು, 10 ಜನ ಸತ್ತರು. ಮುಂದಿನ ವರ್ಷ ನಾಸಾ ಇದರ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಅದೇ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಹೊಸ ತರಬೇತಿ ಶುರು ಮಾಡಿತು. ಅದನ್ನೇ ಇವತ್ತು ಸಿಆರ್‌ಎಂ ಎನ್ನುತ್ತಾರೆ, ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್.

ಇದರಲ್ಲಿ ಕಿರಿಯರು ಹಿರಿಯರಿಗೆ ತಪ್ಪನ್ನು ಹೇಳುವುದನ್ನು ಕಲಿಯುತ್ತಾರೆ. ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ಕಲಿಯುತ್ತಾರೆ. ಎರಡನೆಯದು ಜಾಸ್ತಿ ಕಷ್ಟ. ದೊಡ್ಡವರ ಮುಂದೆ ಬಾಯಿ ಬಿಡಬಾರದು ಎಂದು ಬೆಳೆಸುವ ಸಮಾಜಗಳಲ್ಲಿ ಈ ಪಾಠಕ್ಕೆ ಇನ್ನೂ ಹೆಚ್ಚು ಸಮಯ ಕೊಡಬೇಕಾಗುತ್ತದೆ. 1989ರಲ್ಲಿ ಯುನೈಟೆಡ್‌ನದೇ 232ನೇ ಹಾರಾಟದಲ್ಲಿ ಹೈಡ್ರಾಲಿಕ್ಸ್, ಅಂದರೆ ವಿಮಾನವನ್ನು ತಿರುಗಿಸುವ ಭಾಗಗಳನ್ನು ಅಲುಗಾಡಿಸುವ ದ್ರವದ ಒತ್ತಡ, ಪೂರ್ತಿ ಕೈಕೊಟ್ಟಿತು. ಅಮೆರಿಕದ ಸೂ ಸಿಟಿಯಲ್ಲಿ ವಿಮಾನ ಅಪ್ಪಳಿಸಿದರೂ 296 ಜನರಲ್ಲಿ 184 ಜನ ಬದುಕಿದರು. ಕ್ಯಾಪ್ಟನ್ ಆಲ್ ಹೇನ್ಸ್ ಅದರ ಶ್ರೇಯವನ್ನು ಈ ತರಬೇತಿಗೂ ಕೊಟ್ಟರು.

ಇಂಗ್ಲಿಷ್ ಕಡ್ಡಾಯವಾ?

ಅಂತಾರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೆ, ಅವರೊಂದಿಗೆ ಮಾತನಾಡುವ ಕಂಟ್ರೋಲರ್‌ಗಳಿಗೆ ಹೌದು. ಐಸಿಎಒ 1ರಿಂದ 6ರ ತನಕ ಮಟ್ಟ ಇಟ್ಟಿದೆ, ಕನಿಷ್ಠ 4 ಬೇಕು. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ಓಘ, ಗ್ರಹಿಕೆ, ಸಂಭಾಷಣೆ ಎಂಬ ಆರು ಅಂಶಗಳನ್ನು ನೋಡುತ್ತಾರೆ. ಆರರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಟ್ಟ. ಐದರಲ್ಲಿ 5 ಬಂದು ಒಂದರಲ್ಲಿ 3 ಬಂದರೆ ನೀವು 3. 4ನೇ ಮಟ್ಟದವರಿಗೆ ಮೂರು ವರ್ಷಕ್ಕೊಮ್ಮೆ, 5ನೇ ಮಟ್ಟದವರಿಗೆ ಆರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಬೇಕೆಂಬುದು ಐಸಿಎಒ ಸಲಹೆ. ಶಾಲೆಯ ಇಂಗ್ಲಿಷ್ ಚೆನ್ನಾಗಿದೆ ಎಂದು ಸುಮ್ನೆ ಕೂರಬೇಡಿ. ಗದ್ದಲದ ರೇಡಿಯೊದಲ್ಲಿ, ಬೇರೆ ಬೇರೆ ಧಾಟಿಯಲ್ಲಿ, ಮುಖ ಕಾಣದೆ ಮಾತಾಡುವುದು ಬೇರೆಯದೇ ಕೌಶಲ.

ಏರ್ ಟ್ರಾಫಿಕ್ ಕಂಟ್ರೋಲರ್ ತಯಾರಾಗಲು ಯಾಕೆ ಅಷ್ಟು ಸಮಯ ಹಿಡಿಯುತ್ತದೆ?

ಅವರು ಕಲಿಯುವುದು ಒಂದು ನಿರ್ದಿಷ್ಟ ಜಾಗದ ಕೆಲಸ. ಮೊದಲು ಮಾನ್ಯತೆ ಪಡೆದ ಕೋರ್ಸ್, ಸಿಮ್ಯುಲೇಟರ್. ಆಮೇಲೆ ನಿಜವಾದ ವಿಮಾನಗಳೊಂದಿಗೆ, ಹಿಂದೆ ನಿಂತ ಬೋಧಕರ ಕಣ್ಣಿನಡಿ, ಕನಿಷ್ಠ ಮೂರು ತಿಂಗಳು ಕೆಲಸ. ಲೈಸೆನ್ಸ್‌ಗೆ 21 ವರ್ಷ ಆಗಿರಬೇಕು. ಟವರ್ (ನಿಲ್ದಾಣದ ಸುತ್ತ), ಅಪ್ರೋಚ್ (ಇಳಿಯಲು ಬರುವ, ಹೊರಡುವ ವಿಮಾನಗಳು), ಏರಿಯಾ (ದೂರದ ಆಕಾಶಮಾರ್ಗ), ಪ್ರತಿಯೊಂದಕ್ಕೂ ಬೇರೆ ರೇಟಿಂಗ್. ಒಂದು ನಿಲ್ದಾಣದಲ್ಲಿ ಹತ್ತು ವರ್ಷ ದುಡಿದವರನ್ನು ಇನ್ನೊಂದಕ್ಕೆ ವರ್ಗ ಮಾಡಿದರೆ ಅಲ್ಲಿನ ದಾರಿಗಳು, ಬೆಟ್ಟಗಳು, ಪದ್ಧತಿಗಳನ್ನು ಮತ್ತೆ ಕಲಿಯಬೇಕು. ಕೋರ್ಸ್ ಸೇರಿದವರಲ್ಲಿ ಎಲ್ಲರೂ ಕೊನೆ ಮುಟ್ಟುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಆಯ್ಕೆ ಮಾಡಬೇಕು.

ಕಡಿಮೆ ಜನರಿಂದ ಕೆಲಸ ಸಾಗಿಸಿದರೆ ಏನಾಗುತ್ತದೆ? 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಮೇಜುಗಳನ್ನು ನೋಡುತ್ತಿದ್ದರು, ಇನ್ನೊಬ್ಬರು ವಿಶ್ರಾಂತಿಗೆ ಹೋಗಿದ್ದರು, ಫೋನ್ ಲೈನ್ ರಿಪೇರಿಯಲ್ಲಿತ್ತು. ರಷ್ಯಾದ ವಿಮಾನದಲ್ಲಿದ್ದ ಡಿಕ್ಕಿ ತಪ್ಪಿಸುವ ಉಪಕರಣ ಮೇಲೇರು ಎನ್ನುತ್ತಿದ್ದಾಗ ಕಂಟ್ರೋಲರ್ ಕೆಳಗಿಳಿ ಎಂದರು. ಅದರ ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಉಪಕರಣದ ಮಾತೇ ಮೇಲು ಎಂದು ಎಲ್ಲ ಪೈಲಟ್‌ಗಳಿಗೂ ಸ್ಪಷ್ಟವಾಗಿ ಕಲಿಸಲು ಶುರುವಾದದ್ದು ಇದರ ನಂತರ.

ಮೇಂಟೆನೆನ್ಸ್ ಎಂಜಿನಿಯರ್ ಆಗಲು ಎಂಜಿನಿಯರಿಂಗ್ ಪದವಿ ಬೇಕಾ?

ಪದವಿ ಬೇರೆ, ಲೈಸೆನ್ಸ್ ಬೇರೆ. ಪದವಿ ಇದ್ದ ಮಾತ್ರಕ್ಕೆ "ಈ ವಿಮಾನ ಹಾರಲು ಯೋಗ್ಯ" ಎಂದು ಸಹಿ ಹಾಕುವಂತಿಲ್ಲ. ಐಸಿಎಒ ಪ್ರಕಾರ 18 ವರ್ಷ ವಯಸ್ಸು ಮತ್ತು ವಿಮಾನಗಳ ಮೇಲೆ ನಾಲ್ಕು ವರ್ಷ ಕೆಲಸ ಮಾಡಿದ ಅನುಭವ ಬೇಕು. ಮಾನ್ಯತೆ ಪಡೆದ ಕೋರ್ಸ್ ಮುಗಿಸಿದ್ದರೆ ಎರಡು ವರ್ಷ. ಯುರೋಪಿನ ಪದ್ಧತಿಯಲ್ಲಿ ಎಂಜಿನ್ ಮತ್ತು ವಿಮಾನದ ಮೈಗೆ ಬಿ1, ಎಲೆಕ್ಟ್ರಾನಿಕ್ಸ್‌ಗೆ ಬಿ2 ಎಂಬ ವಿಭಾಗಗಳಿವೆ.

ಆ ಸಹಿಯ ತೂಕ ಎಷ್ಟು ಎಂದು ತಿಳಿಯಲು 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ 5390ರ ಕಥೆ ಸಾಕು. 17,000 ಅಡಿ ದಾಟಿದಾಗ ಮುಂದಿನ ಗಾಜು ಹಾರಿಹೋಯಿತು. ಕ್ಯಾಪ್ಟನ್‌ನ ಅರ್ಧ ದೇಹ ಹೊರಗೆ ಎಳೆದುಕೊಂಡಿತು. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಸಹಪೈಲಟ್ ವಿಮಾನ ಇಳಿಸಿದರು. ಅಚ್ಚರಿ ಅಂದರೆ ಕ್ಯಾಪ್ಟನ್ ಬದುಕಿದರು. ಗಾಜನ್ನು ಅದಕ್ಕೆ ಸ್ವಲ್ಪ ಮುಂಚೆ ರಾತ್ರಿ ಪಾಳಿಯಲ್ಲಿ ಬದಲಿಸಿದ್ದರು. 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಸಣ್ಣವು. ಅನುಭವಿ ಸೂಪರ್‌ವೈಸರ್ ಹಳೆಯ ಬೋಲ್ಟನ್ನು ಕಣ್ಣಳತೆಯಲ್ಲೇ ಹೊಂದಿಸಿ ಹೊಸದನ್ನು ತಂದಿದ್ದರು, ಕೈಪಿಡಿ ನೋಡಿರಲಿಲ್ಲ. ಕೆಲಸ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಚೆನ್ನಾಗಿ ಗೊತ್ತು ಎನ್ನುವ ಧೈರ್ಯದಿಂದ ಆದದ್ದು. ಅದಕ್ಕೇ ಈಗ ಎಂಜಿನಿಯರ್‌ಗಳ ಪಠ್ಯದಲ್ಲಿ ದಣಿವು, ಅವಸರ, ಪಾಳಿ ಬದಲಾವಣೆಯ ಬಗ್ಗೆಯೂ ಪಾಠ ಇದೆ.

ಕ್ಯಾಬಿನ್ ಸಿಬ್ಬಂದಿಗೆ ಕಲಿಸುವುದು ಊಟ ಬಡಿಸಲು ತಾನೇ?

2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ವಿಮಾನ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಎಂಟು ಬಾಗಿಲುಗಳಲ್ಲಿ ಮೂರನ್ನಷ್ಟೇ ಬಳಸಲು ಆಯಿತು. ಸ್ಪೀಕರ್ ಕೆಲಸ ಮಾಡಲಿಲ್ಲ, ಮೆಗಾಫೋನ್ ಹಿಡಿದು ಕೂಗಿದರು. ಅದರಲ್ಲಿದ್ದ 379 ಜನರೂ ಹೊರಬಂದರು. ಯಾವ ಬಾಗಿಲು ತೆರೆಯಬಾರದು ಎಂದು ಹೊರಗೆ ನೋಡಿ ತೀರ್ಮಾನಿಸುವುದೇ ಅವರ ತರಬೇತಿಯ ತಿರುಳು. ಊಟ ಆಮೇಲಿನದು.

ವೈದ್ಯಕೀಯ ಪರೀಕ್ಷೆ ಎಷ್ಟು ಬಿಗಿ? ಕನ್ನಡಕ ಇದ್ದರೆ ಆಗಲ್ವಾ?

ಕನ್ನಡಕ ಹಾಕಿ ದೃಷ್ಟಿ ಸರಿಯಿದ್ದರೆ ತೊಂದರೆ ಇಲ್ಲ. ವೃತ್ತಿಪರ ಪೈಲಟ್‌ಗಳಿಗೆ ಕ್ಲಾಸ್ 1, ಖಾಸಗಿಯವರಿಗೆ ಕ್ಲಾಸ್ 2, ಕಂಟ್ರೋಲರ್‌ಗಳಿಗೆ ಕ್ಲಾಸ್ 3. ಕ್ಲಾಸ್ 1 ಸಾಮಾನ್ಯವಾಗಿ ಒಂದು ವರ್ಷಕ್ಕೆ, 60 ದಾಟಿದ ಏರ್‌ಲೈನ್ ಪೈಲಟ್‌ಗಳಿಗೆ ಆರು ತಿಂಗಳಿಗೆ. ಅಂತಾರಾಷ್ಟ್ರೀಯ ವಾಣಿಜ್ಯ ಹಾರಾಟದಲ್ಲಿ 65 ದಾಟಿದವರು ಹಾರಿಸುವಂತಿಲ್ಲ. ಲಕ್ಷಾಂತರ ಖರ್ಚು ಮಾಡಿ ಕೋರ್ಸ್ ಸೇರುವ ಮೊದಲೇ ಕ್ಲಾಸ್ 1 ಪರೀಕ್ಷೆ ಮಾಡಿಸಿಕೊಳ್ಳಿ, ದಯವಿಟ್ಟು.

ಸರ್ಕಾರದ ಇನ್‌ಸ್ಪೆಕ್ಟರ್‌ಗಳಿಗೆ ಯಾಕೆ ಅಷ್ಟು ಮಹತ್ವ?

ಏರ್‌ಲೈನ್‌ಗೆ ಪರವಾನಗಿ ಕೊಡುವವರು, ಶಾಲೆಗಳಿಗೆ ಮಾನ್ಯತೆ ಕೊಡುವವರು, ಹ್ಯಾಂಗರ್‌ಗೆ ಹೋಗಿ ಕಡತ ತೆಗೆಸಿ ನೋಡುವವರು ಇವರೇ. ಐಸಿಎಒ ದೇಶಗಳ ಸುರಕ್ಷತಾ ವ್ಯವಸ್ಥೆಯನ್ನು ಎಂಟು ಮುಖ್ಯ ಅಂಶಗಳಲ್ಲಿ ಪರಿಶೀಲಿಸುತ್ತದೆ. ಅದರಲ್ಲಿ ನಾಲ್ಕನೆಯದು ಅರ್ಹ ತಾಂತ್ರಿಕ ಸಿಬ್ಬಂದಿ ಇದ್ದಾರೆಯೇ ಎಂಬುದು. ಇಲ್ಲಿರುವ ತೊಡಕು ಅರ್ಥವಾಗುವುದು ಸುಲಭ. ಏರ್‌ಬಸ್ ಹಾರಿಸುವವರನ್ನು ಪರೀಕ್ಷಿಸಲು ಏರ್‌ಬಸ್ ಗೊತ್ತಿರುವವರೇ ಬೇಕು. ಅಂಥವರಿಗೆ ಏರ್‌ಲೈನ್ ಕೊಡುವ ಸಂಬಳವನ್ನು ಸರ್ಕಾರಿ ವೇತನ ಶ್ರೇಣಿ ಕೊಡುವುದಿಲ್ಲ. ಹುದ್ದೆ ಖಾಲಿ ಬೀಳುತ್ತದೆ, ಇಲ್ಲವೇ ಅನುಭವ ಇಲ್ಲದವರು ತುಂಬುತ್ತಾರೆ.

ಪರಿಣಾಮ ಇಡೀ ದೇಶಕ್ಕೆ ತಟ್ಟುತ್ತದೆ. 2015ರ ಜೂನ್‌ನಲ್ಲಿ ಐಸಿಎಒ ಥಾಯ್ಲೆಂಡ್ ಹೆಸರಿನ ಪಕ್ಕ ಕೆಂಪು ಬಾವುಟ ಹಾಕಿತು, ಅಂದರೆ ಸುರಕ್ಷತಾ ಉಸ್ತುವಾರಿಯಲ್ಲಿ ಗಂಭೀರ ದೋಷ ಇದೆ ಎಂದು ಗುರುತು ಮಾಡಿತು. ಅದೇ ವರ್ಷದ ಕೊನೆಗೆ ಅಮೆರಿಕವೂ ಆ ದೇಶದ ಸುರಕ್ಷತಾ ಶ್ರೇಣಿ ಇಳಿಸಿತು. ಥಾಯ್ಲೆಂಡ್ ಹಳೆಯ ಇಲಾಖೆಯನ್ನು ಬದಲಿಸಿ ಹೊಸ ಪ್ರಾಧಿಕಾರ ಕಟ್ಟಿತು. ಹೊರಗಿನ ಪರಿಣತರ ನೆರವು ಪಡೆದು ಏರ್‌ಲೈನ್‌ಗಳನ್ನು ಮತ್ತೆ ಮೊದಲಿಂದ ಪರಿಶೀಲಿಸಿತು. ಬಾವುಟ ತೆಗೆದದ್ದು 2017ರ ಅಕ್ಟೋಬರ್‌ನಲ್ಲಿ.

ಬೋಧಕರು ಎಲ್ಲಿಂದ ಬರುತ್ತಾರೆ?

ಇದೇ ದೊಡ್ಡ ಕಗ್ಗಂಟು. ಹಾರಾಟದ ಶಾಲೆಗಳಲ್ಲಿ ಬೋಧಕರಾಗುವವರಲ್ಲಿ ಬಹಳಷ್ಟು ಜನ ಈಗಷ್ಟೇ ಲೈಸೆನ್ಸ್ ಪಡೆದ ಯುವಕ ಯುವತಿಯರು. ಗಂಟೆ ಕೂಡಿಸಿಕೊಳ್ಳಲು ಕಲಿಸುತ್ತಾರೆ. ಏರ್‌ಲೈನ್ ಕರೆದ ದಿನ ಹೊರಟುಹೋಗುತ್ತಾರೆ. ಅಂದರೆ ಪೈಲಟ್‌ಗಳಿಗೆ ಬೇಡಿಕೆ ಹೆಚ್ಚಾದ ಕಾಲದಲ್ಲೇ ಅವರಿಗೆ ಕಲಿಸುವವರು ಕಡಿಮೆಯಾಗುತ್ತಾರೆ. ಕಂಟ್ರೋಲರ್‌ಗಳಲ್ಲೂ ಇದೇ ಕಥೆ. ಸಿಬ್ಬಂದಿ ಸಾಲದ ಟವರ್‌ನಲ್ಲಿ ಬೋಧಕರನ್ನೂ ಪಾಳಿಗೆ ಹಾಕುತ್ತಾರೆ, ಹೊಸಬರ ತರಬೇತಿ ಮುಂದಕ್ಕೆ ಹೋಗುತ್ತದೆ, ಕೊರತೆ ಇನ್ನೂ ಬೆಳೆಯುತ್ತದೆ. ಬೋಧನೆಯನ್ನೇ ವೃತ್ತಿಯಾಗಿ ಉಳಿಸಿಕೊಳ್ಳುವಷ್ಟು ಸಂಬಳ ಕೊಡದೆ ಇದಕ್ಕೆ ಪರಿಹಾರ ಇಲ್ಲ ಎಂದು ನನ್ನ ಅಭಿಪ್ರಾಯ. ಹೊಸ ಅಕಾಡೆಮಿಯ ಕಟ್ಟಡ ಉದ್ಘಾಟನೆ ಮಾಡುವುದು ಇದಕ್ಕಿಂತ ಸುಲಭ, ಅದಕ್ಕೇ ಅದು ಜಾಸ್ತಿ ನಡೆಯುತ್ತದೆ.

ಸಣ್ಣ ದೇಶಗಳು ಏನು ಮಾಡಬೇಕು? ಸ್ವಂತ ಶಾಲೆ ಕಟ್ಟಲೇಬೇಕಾ?

ಬೇಕಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಕಂಟ್ರೋಲರ್‌ಗಳು ಬೇಕಾದ ದೇಶಕ್ಕೆ ಸ್ವಂತ ಶಾಲೆ ಬರೀ ಹೊರೆ. ಫ್ರೆಂಚ್ ಮಾತಾಡುವ ಆಫ್ರಿಕಾದ ದೇಶಗಳು 1959ರಲ್ಲಿ ಆಸೆಕ್ನಾ ಎಂಬ ಜಂಟಿ ಸಂಸ್ಥೆ ಕಟ್ಟಿಕೊಂಡವು. ಆಕಾಶಮಾರ್ಗ ನೋಡಿಕೊಳ್ಳುವ ಕೆಲಸವನ್ನು ಒಟ್ಟಾಗಿ ಮಾಡುತ್ತವೆ. ಇದರದೇ ಒಂದು ಶಾಲೆ 1963ರಿಂದ ನೈಜರ್ ದೇಶದ ನಿಯಾಮೆಯಲ್ಲಿದೆ. ಹಲವು ದೇಶಗಳ ಕಂಟ್ರೋಲರ್‌ಗಳು, ಹವಾಮಾನ ತಜ್ಞರು ಅಲ್ಲೇ ಕಲಿಯುತ್ತಾರೆ. ದೊಡ್ಡವರೂ ಹೊರಗೆ ಹೋಗುತ್ತಾರೆ. ಜರ್ಮನಿಯ ಲುಫ್ತಾನ್ಸಾ ದಶಕಗಳ ಕಾಲ ತನ್ನ ಕೆಡೆಟ್‌ಗಳನ್ನು, ಅಂದರೆ ತರಬೇತಿಯಲ್ಲಿರುವ ಪೈಲಟ್‌ಗಳನ್ನು, ಅಮೆರಿಕದ ಆರಿಜೋನಾಕ್ಕೆ ಕಳಿಸಿದೆ. ಅಲ್ಲಿ ಬಿಸಿಲು ಜಾಸ್ತಿ, ಹಾರಾಟದ ದಿನಗಳೂ ಜಾಸ್ತಿ.

ಇನ್ನೊಂದು ದಾರಿ ಇಥಿಯೋಪಿಯಾದ್ದು. 1945ರಲ್ಲಿ ಅಮೆರಿಕದ ಟಿಡಬ್ಲ್ಯುಎ ಎಂಬ ಏರ್‌ಲೈನ್ ಜೊತೆ ಒಪ್ಪಂದ ಮಾಡಿಕೊಂಡು ಏರ್‌ಲೈನ್ ಶುರು ಮಾಡಿದರು. ಆಗ ಪೈಲಟ್‌ಗಳೂ ತಂತ್ರಜ್ಞರೂ ಮ್ಯಾನೇಜರ್‌ಗಳೂ ಅಮೆರಿಕದವರು. ನಿಧಾನವಾಗಿ ಸ್ಥಳೀಯರನ್ನು ತಯಾರು ಮಾಡಿದರು. ಮೊದಲ ಇಥಿಯೋಪಿಯನ್ ಜನರಲ್ ಮ್ಯಾನೇಜರ್ ಬಂದದ್ದು 1971ರಲ್ಲಿ. ಈಗ ಅಡಿಸ್ ಅಬಾಬಾದ ಅವರ ಅಕಾಡೆಮಿಗೆ ಬೇರೆ ಆಫ್ರಿಕನ್ ದೇಶಗಳವರು ಕಲಿಯಲು ಬರುತ್ತಾರೆ. ಕಾಲು ಶತಮಾನದ ತಾಳ್ಮೆ ಅದು.

ಎಷ್ಟು ವರ್ಷ ಮುಂಚೆ ಯೋಜನೆ ಮಾಡಬೇಕು?

ಅಮೆರಿಕದ ಅನುಭವ ನೋಡಿ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದರು. ಅವರ ಜಾಗ ತುಂಬಲು ವರ್ಷಗಳು ಹಿಡಿದವು. ಅಲ್ಲಿ ಕಂಟ್ರೋಲರ್‌ಗಳು 56ಕ್ಕೆ ನಿವೃತ್ತರಾಗಬೇಕು. ಹಾಗಾಗಿ ಎಂಬತ್ತರ ದಶಕದಲ್ಲಿ ಒಟ್ಟಿಗೆ ಸೇರಿದವರು ಕಾಲು ಶತಮಾನದ ನಂತರ ಒಟ್ಟಿಗೆ ಮನೆಗೆ ಹೊರಟರು! ಒಂದು ವರ್ಷ ನೇಮಕಾತಿ ನಿಲ್ಲಿಸಿ ದುಡ್ಡು ಉಳಿಸಿದರೆ ಆ ಗುಂಡಿ ಹತ್ತಾರು ವರ್ಷ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಜನರನ್ನು ಮನೆಗೆ ಕಳಿಸಿದ ನಿಲ್ದಾಣಗಳಿಗೂ ಇದು ಗೊತ್ತಾಯಿತು. 2022ರ ಜುಲೈನಲ್ಲಿ ಲಂಡನ್ನಿನ ಹೀಥ್ರೂ ದಿನಕ್ಕೆ 1,00,000 ಪ್ರಯಾಣಿಕರಿಗಿಂತ ಹೆಚ್ಚು ಜನ ಹೊರಡದಂತೆ ಮಿತಿ ಹಾಕಿತು. ವಿಮಾನಗಳಿದ್ದವು, ಕೆಲಸಗಾರರು ಸಾಲಲಿಲ್ಲ.

ತರಬೇತಿ ಪಡೆದವರು ಬೇರೆ ದೇಶಕ್ಕೆ ಹೋಗಿಬಿಟ್ಟರೆ?

ಹೋಗುತ್ತಾರೆ. ಲೈಸೆನ್ಸ್ ಎಲ್ಲೆಡೆ ನಡೆಯುವಂಥದ್ದು, ಸಂಬಳದ ವ್ಯತ್ಯಾಸ ದೊಡ್ಡದು. ಬಾಂಡ್ ಬರೆಸಿಕೊಳ್ಳುವುದು ಸಾಮಾನ್ಯ ಉಪಾಯ. ಅದು ಕೆಲವು ವರ್ಷ ತಡೆಯುತ್ತದೆ ಅಷ್ಟೇ. ಸರಿಯಾದ ಪಾಳಿ, ಹೊತ್ತಿಗೆ ಬಡ್ತಿ, ಮರುತರಬೇತಿಗೆ ಸಮಯ ಕೊಟ್ಟ ಕಡೆ ಜನ ನಿಲ್ಲುತ್ತಾರೆ. ಎಷ್ಟೇ ಮಾಡಿದರೂ ಒಂದಷ್ಟು ಜನ ಹೋಗುತ್ತಾರೆ ಎಂದು ಲೆಕ್ಕ ಹಾಕಿಯೇ ಬೇಕಾದ್ದಕ್ಕಿಂತ ಜಾಸ್ತಿ ಜನರನ್ನು ತಯಾರು ಮಾಡಬೇಕು.

ಡ್ರೋನ್ ಹಾರಿಸುವವರಿಗೂ ಇದೆಲ್ಲ ಬೇಕಾ?

ಮದುವೆಯ ವಿಡಿಯೊ ತೆಗೆಯುವವರಿಗೆ ಆಯಾ ದೇಶದ ಸರಳ ನಿಯಮಗಳು. ಬೇರೆ ವಿಮಾನಗಳ ನಡುವೆ ಅಂತಾರಾಷ್ಟ್ರೀಯವಾಗಿ ಹಾರುವ ದೊಡ್ಡ ರಿಮೋಟ್ ವಿಮಾನಗಳಿಗೆ ಐಸಿಎಒ ಬೇರೆಯೇ ರಿಮೋಟ್ ಪೈಲಟ್ ಲೈಸೆನ್ಸ್ ತಂದಿದೆ. 2022ರ ನವೆಂಬರ್‌ನಿಂದ ಅದು ಅನ್ವಯವಾಗುತ್ತದೆ.

ಶಾಲೆ ಆರಿಸುವಾಗ ಏನು ಕೇಳಬೇಕು?

ದೇಶದ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ಈಗಲೂ ಚಾಲ್ತಿಯಲ್ಲಿದೆಯೇ? ಶಾಲೆಯಲ್ಲಿರುವ ವಿಮಾನಗಳಲ್ಲಿ ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ? ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು, ಕಳೆದ ವರ್ಷ ಇದ್ದ ಬೋಧಕರಲ್ಲಿ ಎಷ್ಟು ಜನ ಈಗಲೂ ಇದ್ದಾರೆ? ಹಿಂದಿನ ಬ್ಯಾಚಿನವರು ಕೋರ್ಸ್ ಮುಗಿಸಲು ನಿಜವಾಗಿ ಎಷ್ಟು ತಿಂಗಳು ತೆಗೆದುಕೊಂಡರು? ಕೊನೆಯ ಪ್ರಶ್ನೆಯನ್ನು ಕಚೇರಿಯವರಿಗೆ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತಿರುವ ವಿದ್ಯಾರ್ಥಿಗಳನ್ನು ಕೇಳಿ. ಹಾರುವ ಸರದಿಗೆ ವಾರಗಟ್ಟಲೆ ಕಾಯುತ್ತಿದ್ದೇವೆ ಎಂದರೆ ಬ್ರೋಷರ್‌ನಲ್ಲಿ ಏನೇ ಬರೆದಿದ್ದರೂ ಮುಂಗಡ ಕಟ್ಟಬೇಡಿ.